ಇನ್‌ಸ್ಟಾಲ್‌ಗೂ ಬೇಕು ಒಂದು ಖಾಲಿ ಕೋಣೆ

ತಂತ್ರಾಂಶ ಕೂತ ಮೇಲೆ ಹಿಡಿಯುವ ಜಾಗ ಒಂದು, ಕೂರುವಾಗ ಕೇಳುವ ಜಾಗ ಇನ್ನೊಂದು. ಪುಟ್ಟ ಲ್ಯಾಪ್‌ಟಾಪ್‌ಗಳು ಸೋಲುವುದು ಈ ಎರಡನೆಯ ಲೆಕ್ಕದಲ್ಲಿ. ಆ ಲೆಕ್ಕವನ್ನು ಪೆಟ್ಟಿಗೆಯ ಮೇಲೆ ಬರೆಯುವವರೇ ಇಲ್ಲ!

2021ರ ಫೆಬ್ರುವರಿ. ಮ್ಯಾಕ್‌ಬುಕ್‌ನ ಕಪ್ಪು ಪರದೆಯ ನಡುವೆ ಸೇಬಿನ ಗುರುತು, ಅದರ ಕೆಳಗೊಂದು ಬಿಳಿ ಗೆರೆ. ‘ಬಿಗ್ ಸರ್’ ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಆಗುತ್ತಿದೆ. ಗೆರೆ ನಿಧಾನಕ್ಕೆ ಉದ್ದವಾಗುತ್ತದೆ, ಒಂದೆಡೆ ನಿಲ್ಲುತ್ತದೆ, ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಮತ್ತದೇ ಸೇಬು, ಮತ್ತದೇ ಗೆರೆ, ಮತ್ತದೇ ನಿಲುಗಡೆ. ಹೊಸದು ಪೂರ್ತಿ ಬಂದಿಲ್ಲ, ಹಳೆಯದಕ್ಕೆ ಮರಳುವ ದಾರಿ ಮುಚ್ಚಿದೆ. ಆ ದಿನಗಳಲ್ಲಿ ಈ ಸುಳಿಗೆ ಸಿಕ್ಕವರ ಯಂತ್ರದಲ್ಲಿ ಕೆಟ್ಟಿದ್ದು ಏನೂ ಇರಲಿಲ್ಲ. ಡಿಸ್ಕ್‌ನಲ್ಲಿ ಜಾಗ ಸಾಲದೆ ಹೋಗಿತ್ತು, ಅಷ್ಟೆ. ಮ್ಯಾಕ್‌ನ ಹಳೆಯ ವ್ಯವಸ್ಥೆಯಾದ ಸಿಯೆರಾ ಅಥವಾ ಅದರ ನಂತರದ ಆವೃತ್ತಿಯಿಂದ ಬಿಗ್ ಸರ್‌ಗೆ ಏರಲು 35.5 ಜಿಬಿ ಖಾಲಿ ಇರಬೇಕು ಎಂದು ಆಪಲ್ ಕಂಪನಿಯೇ ಹೇಳಿತ್ತು. ಇನ್‌ಸ್ಟಾಲರ್‌ನ ಗಾತ್ರವೇ ಸುಮಾರು 12 ಜಿಬಿ. ಆದರೆ ಅಷ್ಟು ಜಾಗ ಇದೆಯೇ ಎಂದು ನೋಡದೆಯೇ ಇನ್‌ಸ್ಟಾಲರ್ ಕೆಲಸಕ್ಕೆ ಇಳಿಯುತ್ತಿತ್ತು. ಡಿಸ್ಕ್‌ಗೆ ಫೈಲ್‌ವಾಲ್ಟ್ ಬೀಗ ಹಾಕಿಕೊಂಡಿದ್ದವರಿಗೆ ತಮ್ಮ ಕಡತಗಳನ್ನೇ ಕಳೆದುಕೊಳ್ಳುವ ಅಪಾಯ ಎದುರಾಯಿತು. ಅದೇ ತಿಂಗಳು ಆಪಲ್, ಮೊದಲು ಜಾಗ ಪರೀಕ್ಷಿಸುವಂತೆ ಇನ್‌ಸ್ಟಾಲರ್ ತಿದ್ದಿ ಮತ್ತೆ ಬಿಡುಗಡೆ ಮಾಡಿತು.

ಇಲ್ಲಿ ಗಮನಿಸಬೇಕಾದ್ದು 35.5 ಎಂಬ ಅಂಕಿ. ಕೂತ ಮೇಲೆ ಬಿಗ್ ಸರ್‌ಗೆ ಅಷ್ಟು ಜಾಗ ಬೇಡ. ಇಳಿಸಿಕೊಂಡ ಮೂಟೆ, ಅದನ್ನು ಬಿಚ್ಚಿ ಹರಡಿದ ತಾತ್ಕಾಲಿಕ ಫೈಲುಗಳು, ಹೊಸ ವ್ಯವಸ್ಥೆ, ಇನ್ನೂ ತೆಗೆಯದ ಹಳೆಯ ವ್ಯವಸ್ಥೆ ಎಲ್ಲವೂ ಒಂದು ಗಳಿಗೆ ಒಟ್ಟಿಗೇ ಡಿಸ್ಕ್‌ನ ಮೇಲಿರುತ್ತವೆ. ಮನೆಗೆ ಸುಣ್ಣ ಹೊಡೆಸುವಾಗ ಸಾಮಾನು ಸರಿಸಲು ಒಂದು ಕೋಣೆ ಖಾಲಿ ಬೇಕಾಗುವ ಹಾಗೆ, ಇನ್‌ಸ್ಟಾಲ್‌ಗೂ ಕೆಲಸ ಮುಗಿಯುವವರೆಗೆ ಒಂದು ಖಾಲಿ ಜಾಗ ಬೇಕು. ಕೆಲಸ ಮುಗಿದ ಮೇಲೆ ಅದು ಮರಳಿ ಸಿಗುತ್ತದೆ, ಆದರೆ ಆ ಹೊತ್ತಿಗೆ ಇರಲೇಬೇಕು. ಸಣ್ಣ ಡಿಸ್ಕ್‌ನ ತೊಂದರೆಗಳನ್ನು ನಾವು ಇಷ್ಟು ದಿನ ‘ಕಸ ತುಂಬಿದೆ, ಗುಡಿಸಿ’ ಎಂಬ ದಾರಿಯಲ್ಲಿ ಬಗೆಹರಿಸಲು ನೋಡಿದ್ದೇವೆ. ಆ ದಾರಿ ಅರ್ಧದಷ್ಟೇ ಸರಿ. ಲೆಕ್ಕ ಹಾಕಬೇಕಾದ್ದು ತಂತ್ರಾಂಶ ಹಾಕುವ ಮುನ್ನ, ಮತ್ತು ಇನ್‌ಸ್ಟಾಲ್ ನಡೆಯುವಾಗ ಬೇಕಾಗುವ ಈ ನಡುಗಾಲದ ಜಾಗದ ಅಂಕಿಯನ್ನು ಕೊಳ್ಳುವವರಿಗೆ ಹೇಳುವ ಹೊಣೆ ತಯಾರಕರದ್ದು.

ಕಾಲೇಜಿಗೆಂದು ಅಗ್ಗದ ಲ್ಯಾಪ್‌ಟಾಪ್ ಹುಡುಕುವ ಕಾಲದಲ್ಲಿ ಈ ಮಾತಿಗೆ ತೂಕ ಹೆಚ್ಚು. 2016ರಲ್ಲಿ ಐಬಾಲ್ ‘ಕಾಂಪ್‌ಬುಕ್’ ಮತ್ತು ಹೈದರಾಬಾದಿನ ಆರ್‌ಡಿಪಿ ಕಂಪನಿಯ ‘ಥಿನ್‌ಬುಕ್’ 9,999 ರೂಪಾಯಿಗೆ ಬಂದಾಗ, ಹತ್ತು ಸಾವಿರದೊಳಗೆ ಒಂದು ವಿಂಡೋಸ್ ಲ್ಯಾಪ್‌ಟಾಪ್ ಸಿಗುವುದು ದೊಡ್ಡ ಸುದ್ದಿಯಾಗಿತ್ತು. ಎರಡರಲ್ಲೂ 2 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್. 2022ರಲ್ಲಿ ಬಂದ ಮೊದಲ ಜಿಯೋಬುಕ್‌ನಲ್ಲೂ ಇದ್ದದ್ದು 32 ಜಿಬಿ. ಇಂಥ ಯಂತ್ರಗಳಲ್ಲಿ ಸ್ಟೋರೇಜ್ ಎಂದರೆ ಇಎಂಎಂಸಿ, ಅಂದರೆ ಮದರ್‌ಬೋರ್ಡಿಗೆ ಬೆಸುಗೆ ಹಾಕಿದ ಫ್ಲ್ಯಾಶ್ ಚಿಪ್. ಬಿಚ್ಚಿ ದೊಡ್ಡದು ಹಾಕುವ ಮಾತೇ ಇಲ್ಲ. ಈಗ ಇನ್ನೊಂದು ಪೆಟ್ಟೂ ಬಿದ್ದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕನಿಷ್ಠ 64 ಜಿಬಿ ಸ್ಟೋರೇಜ್ ಕೇಳುತ್ತದೆ. 32ರ ಯಂತ್ರಗಳಿಗೆ ಆ ಬಾಗಿಲು ಮುಚ್ಚಿದಂತೆಯೇ.

32 ಎಂದು ಬರೆದದ್ದು 29 ಆಗುವುದೇಕೆ?
ತಯಾರಕರ ಲೆಕ್ಕದಲ್ಲಿ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್ 1,024ರ ಗುಣಕದಲ್ಲಿ ಎಣಿಸುತ್ತದೆ. ಹಾಗಾಗಿ 32 ಜಿಬಿ 29.8 ಎಂದೂ 64 ಜಿಬಿ 59.6 ಎಂದೂ 256 ಜಿಬಿ 238 ಎಂದೂ ಕಾಣುತ್ತದೆ. ಇದರಲ್ಲಿ ಯಾರೂ ಏನೂ ಕದ್ದಿಲ್ಲ. ಜಾಗ ನಿಜವಾಗಿ ಹೋಗುವುದು ಇದರ ನಂತರ, ರಿಕವರಿ ವಿಭಾಗಕ್ಕೆ ಮತ್ತು ವಿಂಡೋಸ್‌ಗೆ.

ಒಂದೇ ಒಂದು ತಂತ್ರಾಂಶವನ್ನು ಹತ್ತಿರದಿಂದ ನೋಡಿದರೆ ವಿಷಯ ತಿಳಿಯಾಗುತ್ತದೆ. ಲಿಬ್ರೆ ಆಫೀಸ್ ತೆಗೆದುಕೊಳ್ಳೋಣ. ಕನ್ನಡದಲ್ಲಿ ಬರೆಯುವವರಿಗೆ ಉಚಿತವಾಗಿ ಸಿಗುವ ಒಳ್ಳೆಯ ಸಾಧನ. ವಿಂಡೋಸ್‌ಗಾಗಿ ಇಳಿಸಿಕೊಳ್ಳುವ ಎಂಎಸ್‌ಐ ಫೈಲು ಸುಮಾರು 350 ಎಂಬಿ. ಅದು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕೂರುತ್ತದೆ. ಎರಡು ಸಲ ಒತ್ತಿದೊಡನೆ ವಿಂಡೋಸ್ ಅದರ ಇನ್ನೊಂದು ಪ್ರತಿಯನ್ನು ತನ್ನದೇ ‘ಇನ್‌ಸ್ಟಾಲರ್’ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ. ನಾಳೆ ದುರಸ್ತಿ ಮಾಡಲು ಅಥವಾ ತೆಗೆದುಹಾಕಲು ಅದು ಬೇಕು. ವಿಂಡೋಸ್ 7ರ ಕಾಲದಿಂದ ಈ ಪ್ರತಿ ಒಳಗಿನ ಮಾಲು ಸಮೇತ ಪೂರ್ತಿಯಾಗಿ ಉಳಿಯುತ್ತದೆ. ಮೂರನೆಯದಾಗಿ, ಬಿಚ್ಚಿದ ನಿಜವಾದ ಪ್ರೋಗ್ರಾಂ. ಹಳೆಯ ಆವೃತ್ತಿಯ ಮೇಲೆ ಹೊಸದನ್ನು ಹಾಕುತ್ತಿದ್ದರೆ ನಾಲ್ಕನೆಯದೂ ಉಂಟು: ಕೆಲಸ ಯಶಸ್ವಿಯಾಗಿ ಮುಗಿಯುವವರೆಗೆ ಹಳೆಯ ಫೈಲುಗಳನ್ನು ಕಾದಿಟ್ಟುಕೊಳ್ಳುವ ಇನ್ನೊಂದು ತಾತ್ಕಾಲಿಕ ಫೋಲ್ಡರು. 350 ಎಂಬಿ ಎಂದುಕೊಂಡು ಇಳಿಸಿದ್ದು ಹೀಗೆ ಒಂದು ಜಿಬಿಯನ್ನು ಸುಲಭವಾಗಿ ದಾಟುತ್ತದೆ. ಲಿಬ್ರೆ ಆಫೀಸ್‌ನವರು ತಮ್ಮ ಪುಟದಲ್ಲಿ ‘1.5 ಜಿಬಿ ವರೆಗೆ ಬೇಕು’ ಎಂದೇ ಬರೆದಿದ್ದಾರೆ. ಅದು ಪ್ರಾಮಾಣಿಕವಾದ ಅಂಕಿ. ಎಲ್ಲರೂ ಹೀಗೆ ಬರೆದಿದ್ದರೆ ಈ ಲೇಖನದ ಅರ್ಧ ಬೇಕಿರಲಿಲ್ಲ. ಅಂದಹಾಗೆ, ಕನ್ನಡದ ಫಾಂಟ್‌ಗಳಾಗಲಿ ಕೀಲಿಮಣೆಯಾಗಲಿ ಈ ಭಾರಕ್ಕೆ ಸೇರಿಸುವುದು ಕೆಲವೇ ಎಂಬಿ. ಜಾಗವಿಲ್ಲವೆಂದು ಅವನ್ನು ಬಿಡುವ ಕಾರಣವೇ ಇಲ್ಲ.

ಅಳಿಸಿದರೆ ಜಾಗ ಬರುತ್ತದೆ ಎಂಬ ನಂಬಿಕೆ ಹುಸಿಯಾಗುವುದು ಹೊಸದೇನಲ್ಲ. 2007ರಲ್ಲಿ ಏಸಸ್ ಕಂಪನಿ ‘ಈ ಪಿಸಿ 701’ ತಂದಾಗ ಪುಟ್ಟ ಲ್ಯಾಪ್‌ಟಾಪ್‌ಗಳ ಯುಗವೇ ಶುರುವಾಯಿತು. 7 ಇಂಚಿನ ಪರದೆ, ಲಿನಕ್ಸ್, 4 ಜಿಬಿ ಫ್ಲ್ಯಾಶ್. ಅದರಲ್ಲಿ ಸುಮಾರು 2.3 ಜಿಬಿಯ ಒಂದು ವಿಭಾಗ ವ್ಯವಸ್ಥೆಗೆ ಮೀಸಲು, ಬರೆಯಲು ಬಾರದಂತೆ ಮುದ್ರೆಯೊತ್ತಿದ್ದು. ಉಳಿದ 1.4 ಜಿಬಿ ಬಳಕೆದಾರರಿಗೆ. ಎರಡನ್ನೂ ಒಂದರ ಮೇಲೊಂದು ಹೊದಿಸಿ ಒಂದೇ ಡಿಸ್ಕ್‌ನಂತೆ ತೋರಿಸುವ ಏರ್ಪಾಡು ಅಲ್ಲಿತ್ತು. ಮೊದಲೇ ಬಂದಿದ್ದ ಒಂದು ತಂತ್ರಾಂಶವನ್ನು ಬೇಡವೆಂದು ತೆಗೆದರೆ ಮೇಲಿನ ಪದರದಲ್ಲಿ ‘ಇದು ಇಲ್ಲ’ ಎಂಬ ಗುರುತು ಬೀಳುತ್ತಿತ್ತು. ಕೆಳಗಿನ ಫೈಲು ಇದ್ದಲ್ಲೇ ಇರುತ್ತಿತ್ತು. ಒಂದು ಬೈಟೂ ಮರಳುತ್ತಿರಲಿಲ್ಲ. ಅಪ್‌ಡೇಟ್ ಮಾಡಿದರಂತೂ ಹಳೆಯದು ಕೆಳಗೆ, ಹೊಸದು ಮೇಲೆ, ಎರಡಕ್ಕೂ ಜಾಗ. ಒಂದು ಲಾಭ ಖಂಡಿತ ಇತ್ತು: ಯಂತ್ರ ಕೆಟ್ಟರೆ ಮೇಲಿನ ಪದರ ಅಳಿಸಿದರೆ ಸಾಕು, ಅಂಗಡಿಯಿಂದ ಬಂದ ಸ್ಥಿತಿಗೆ ಮರಳುತ್ತಿತ್ತು. ಸುರಕ್ಷೆಯ ಬೆಲೆಯನ್ನು ಜಾಗದಲ್ಲಿ ಕಟ್ಟಿದ ಹಾಗಾಯಿತು.

ಏಳು ವರ್ಷದ ನಂತರ ಮೈಕ್ರೋಸಾಫ್ಟ್ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು. 2014ರ ವಿಂಡೋಸ್ 8.1 ಅಪ್‌ಡೇಟ್‌ನಲ್ಲಿ ಬಂದ ‘ವಿಮ್‌ಬೂಟ್’ ಎಂಬ ಉಪಾಯದಲ್ಲಿ ಇಡೀ ವಿಂಡೋಸ್ ಒಂದು ಒತ್ತಿಹಿಡಿದ ಫೈಲಿನೊಳಗಿರುತ್ತಿತ್ತು. 16 ಜಿಬಿಯ ಟ್ಯಾಬ್ಲೆಟ್‌ನಲ್ಲೂ ವಿಂಡೋಸ್ ಹಿಡಿಸುವ ಹಂಬಲ ಅದು. ಮೊದಲ ದಿನ ಜಾಗ ಬೇಕಾದಷ್ಟು. ಆಮೇಲೆ ತಿಂಗಳು ತಿಂಗಳೂ ಬಂದ ಅಪ್‌ಡೇಟ್‌ಗಳು ಮೂಲ ಫೈಲಿನ ಮೇಲೆ ಪೇರಿಸಿಕೊಂಡವು, ಮೂಲ ಮಾತ್ರ ಕರಗಲಿಲ್ಲ. ವಿಂಡೋಸ್ 10ರಲ್ಲಿ ಕಂಪನಿ ಅದನ್ನು ಕೈಬಿಟ್ಟು ‘ಕಾಂಪ್ಯಾಕ್ಟ್ ಓಎಸ್’ ತಂದಿತು. ವ್ಯವಸ್ಥೆಯ ಫೈಲುಗಳನ್ನು ಒಂದೊಂದಾಗಿ ಒತ್ತಿಹಿಡಿಯುವ ಈ ವಿಧಾನದಿಂದ 64 ಬಿಟ್ ವಿಂಡೋಸ್‌ನಲ್ಲಿ ಸುಮಾರು 2.6 ಜಿಬಿ ಉಳಿಯುತ್ತದೆ ಎಂದು 2015ರಲ್ಲಿ ಅದು ಹೇಳಿತು. ಇಲ್ಲಿ ಹಳೆಯ ಫೈಲು ಹೋದರೆ ಅದರ ಜಾಗ ನಿಜಕ್ಕೂ ಮರಳುತ್ತದೆ. ಸಣ್ಣ ಯಂತ್ರವಿದ್ದವರು ಇದನ್ನು ಈಗಲೂ ಕೈಯಾರೆ ಚಾಲೂ ಮಾಡಿಕೊಳ್ಳಬಹುದು.

ಆದರೂ ಅಪ್‌ಡೇಟ್‌ಗಳು ಜಾಗವಿಲ್ಲದೆ ಸೋಲುವುದು ನಿಲ್ಲಲಿಲ್ಲ. 2019ರಲ್ಲಿ ಬಂದ ವಿಂಡೋಸ್ 10ರ ‘1903’ ಆವೃತ್ತಿಯಲ್ಲಿ ಕೊನೆಗೂ ಮೂಲಕ್ಕೆ ಕೈಹಾಕಿದರು: ‘ರಿಸರ್ವ್ಡ್ ಸ್ಟೋರೇಜ್’. ಆ ಆವೃತ್ತಿಯೊಂದಿಗೇ ಬಂದ ಹೊಸ ಯಂತ್ರಗಳಲ್ಲಿ ಸುಮಾರು 7 ಜಿಬಿಯನ್ನು ಅಪ್‌ಡೇಟ್‌ಗಾಗಿ ಮೊದಲೇ ಎತ್ತಿಡುವ ಏರ್ಪಾಡು. 32 ಜಿಬಿಯ ಯಂತ್ರದಲ್ಲಿ ಅದು ಕಾಲುಭಾಗಕ್ಕೆ ಹತ್ತಿರ. ದುಡ್ಡು ಕೊಟ್ಟು ಕೊಂಡ ಜಾಗವನ್ನು ಕಂಪನಿ ಕಸಿದುಕೊಂಡಿತು ಎಂಬ ಆಕ್ಷೇಪ ಸಹಜವಾಗಿಯೇ ಎದ್ದಿತು. ನನ್ನ ಮಟ್ಟಿಗೆ ಮೈಕ್ರೋಸಾಫ್ಟ್ ಮಾಡಿದ್ದು ಸರಿ. ಆ ಜಾಗ ಮೊದಲೂ ನಮ್ಮದಾಗಿರಲಿಲ್ಲ. ಅದನ್ನು ಫೋಟೊ, ಸಿನಿಮಾಗಳಿಂದ ತುಂಬಿದ ದಿನವೇ ಮುಂದಿನ ಭದ್ರತಾ ಅಪ್‌ಡೇಟ್ ನಿಂತುಹೋಗುತ್ತಿತ್ತು. ತಪ್ಪಿದ್ದು ಬೇರೆಡೆ. ಪೆಟ್ಟಿಗೆಯ ಮೇಲೆ 32 ಎಂದೇ ಉಳಿಯಿತು.

ಈ ವಿಚಾರದಲ್ಲಿ ಕ್ರೋಮ್‌ಬುಕ್‌ನ ವಿನ್ಯಾಸ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. 16 ಜಿಬಿಯಲ್ಲೇ ಬದುಕುವ ಕ್ರೋಮ್‌ಬುಕ್‌ಗಳಿವೆ. ಅಷ್ಟು ಇಕ್ಕಟ್ಟಿನಲ್ಲೂ ಕ್ರೋಮ್ ಓಎಸ್ ತನಗಾಗಿ ಎರಡು ಸಮಾನ ವಿಭಾಗಗಳನ್ನು ಇಟ್ಟುಕೊಳ್ಳುತ್ತದೆ. ಒಂದರಿಂದ ಯಂತ್ರ ಓಡುತ್ತಿರುವಾಗ ಹೊಸ ಆವೃತ್ತಿ ಸದ್ದಿಲ್ಲದೆ ಇನ್ನೊಂದರಲ್ಲಿ ತಯಾರಾಗುತ್ತದೆ; ರೀಸ್ಟಾರ್ಟ್ ಆದಾಗ ಪಾತ್ರ ಅದಲುಬದಲು. ಹೊಸದು ಏಳದಿದ್ದರೆ ಹಳೆಯದು ಅಲ್ಲೇ ಇದೆ. 2016ರಲ್ಲಿ ಬಂದ ಆಂಡ್ರಾಯ್ಡ್ ನೌಗಟ್‌ನಿಂದ ಫೋನುಗಳಿಗೂ ಇದೇ ವಿಧಾನ ಒದಗಿತು. ಅತಿ ಕಡಿಮೆ ಜಾಗವಿದ್ದ ಯಂತ್ರವೇ ವ್ಯವಸ್ಥೆಗೆ ಇಮ್ಮಡಿ ಜಾಗ ಎತ್ತಿಟ್ಟಿತು, ಹಾಗೆ ಎತ್ತಿಟ್ಟಿದ್ದರಿಂದಲೇ ಅದರ ಅಪ್‌ಡೇಟ್ ಬಳಕೆದಾರರ ಫೋಟೊಗಳ ಜೊತೆ ಜಾಗಕ್ಕೆ ಜಗಳವಾಡುವುದಿಲ್ಲ.

ಹಾಕುವ ಮುನ್ನವೇ ಲೆಕ್ಕ ಹಾಕಿ ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ: ಇಷ್ಟೆಲ್ಲ ಯಾಕೆ, ಕ್ಲೀನರ್ ಒಂದನ್ನು ಹಾಕಿ ಗುಡಿಸಿದರಾಯಿತಲ್ಲ? ಗುಡಿಸುವುದು ಬೇಕು, ಆದರೆ ಅದರ ಮಿತಿ ಗೊತ್ತಿರಬೇಕು. ವಿಂಡೋಸ್‌ನೊಳಗೇ ಇರುವ ‘ಸ್ಟೋರೇಜ್ ಸೆನ್ಸ್’ ಮತ್ತು ಡಿಸ್ಕ್ ಕ್ಲೀನಪ್ ನಿಜಕ್ಕೂ ಉಪಕಾರಿ. ದೊಡ್ಡ ಅಪ್‌ಡೇಟ್ ಆದ ಮೇಲೆ ‘ವಿಂಡೋಸ್.ಓಲ್ಡ್’ ಫೋಲ್ಡರು ಹತ್ತು ದಿನ ಇದ್ದು ತಾನೇ ಹೋಗುತ್ತದೆ; ಹೊಸದು ಚೆನ್ನಾಗಿ ನಡೆಯುತ್ತಿದ್ದರೆ ಮೊದಲೇ ತೆಗೆಯಬಹುದು. ಹೈಬರ್ನೇಷನ್ ಫೈಲು ರ್‍ಯಾಮ್‌ನ ಶೇ 40ರಷ್ಟು ಹಿಡಿಯುತ್ತದೆ. 4 ಜಿಬಿ ರ್‍ಯಾಮ್ ಇದ್ದರೆ ಒಂದೂವರೆ ಜಿಬಿಗೂ ಹೆಚ್ಚು. ಹೈಬರ್ನೇಟ್ ಬಳಸದವರು ಅದನ್ನು ಆಫ್ ಮಾಡಿದರೆ ಅಷ್ಟೂ ಲಾಭ. ಲಿನಕ್ಸ್‌ನಲ್ಲಿ ಹಳೆಯ ಕರ್ನಲ್‌ಗಳು, ಸ್ನ್ಯಾಪ್ ತಂತ್ರಾಂಶಗಳ ಹಿಂದಿನ ಆವೃತ್ತಿಗಳು ಹೀಗೆಯೇ ಉಳಿದುಕೊಂಡಿರುತ್ತವೆ. ಇವನ್ನೆಲ್ಲ ತೆಗೆದರೆ ಹಲವು ಜಿಬಿ ಸಿಗುವುದು ಖರೆ. ಸಿಕ್ಕ ಜಾಗವನ್ನು ಕೂಡಲೇ ತುಂಬಿದರೆ ಮುಂದಿನ ತಿಂಗಳು ಡಿಸ್ಕ್ ತುಂಬಿದೆ ಎನ್ನುವ ಅದೇ ಕೆಂಪು ಪಟ್ಟಿ.

ಇವುಗಳಿಗೆ ಕೈಹಚ್ಚಬೇಡಿ
ವಿಂಡೋಸ್‌ನ ‘ವಿನ್‌ಎಸ್‌ಎಕ್ಸ್‌ಎಸ್’ ಫೋಲ್ಡರು ಹತ್ತಾರು ಜಿಬಿ ಎಂದು ತೋರಿಸಿ ಹೆದರಿಸುತ್ತದೆ. ಅದರಲ್ಲಿರುವ ಎಷ್ಟೋ ಫೈಲುಗಳು ಡಿಸ್ಕ್‌ನಲ್ಲಿ ಒಂದೇ ಸಲ ಇರುವಂಥವು. ಎರಡು ಹೆಸರಿನಿಂದ ಕಾಣುವುದರಿಂದ ಎಕ್ಸ್‌ಪ್ಲೋರರ್ ಎರಡು ಸಲ ಎಣಿಸುತ್ತದೆ. ಕೈಯಾರೆ ಅಳಿಸಿದರೆ ವಿಂಡೋಸ್ ಏಳದೇ ಹೋಗಬಹುದು. ‘ಇನ್‌ಸ್ಟಾಲರ್’ ಫೋಲ್ಡರು ಖಾಲಿ ಮಾಡಿದರೆ ಹಾಕಿದ ತಂತ್ರಾಂಶವನ್ನು ಅಪ್‌ಡೇಟ್ ಮಾಡಲೂ ತೆಗೆಯಲೂ ಆಗದು. ಮೊದಲನೆಯದಕ್ಕೆ ಕ್ಲೀನಪ್ ಸಾಧನಗಳನ್ನೇ ನಂಬಿ, ಎರಡನೆಯದನ್ನು ಮುಟ್ಟಲೇಬೇಡಿ.

ಎರಡನೆಯ ಆಕ್ಷೇಪ ಮೆಮೊರಿ ಕಾರ್ಡಿನದು. ಕೆಲವು ನೂರು ರೂಪಾಯಿಗೆ 64 ಜಿಬಿ ಕಾರ್ಡು ಸಿಗುವಾಗ ಚಿಂತೆ ಏಕೆ? ಫೋಟೊ, ಸಂಗೀತ, ಪಿಡಿಎಫ್‌ಗಳಿಗೆ ಕಾರ್ಡು ಉತ್ತಮ. ಸ್ಟೋರ್‌ನಿಂದ ಬಂದ ಆ್ಯಪ್‌ಗಳನ್ನು ಅದಕ್ಕೆ ಸರಿಸಬಹುದು. ದೊಡ್ಡ ಅಪ್‌ಡೇಟ್‌ಗೆ ಜಾಗ ಸಾಲದಿದ್ದರೆ 10 ಜಿಬಿಯಾದರೂ ಖಾಲಿ ಇರುವ ಪೆನ್‌ಡ್ರೈವ್ ಚುಚ್ಚಿ ಎಂದು ವಿಂಡೋಸ್ 10 ತಾನೇ ಕೇಳುತ್ತದೆ, ನಡುಗಾಲದ ಫೈಲುಗಳನ್ನು ಅಲ್ಲಿ ಹರಡಿಕೊಳ್ಳುತ್ತದೆ. ಆದರೆ ಹಳೆಯ ಮಾದರಿಯ ಎಷ್ಟೋ ತಂತ್ರಾಂಶಗಳು ಬೇರೆ ಡ್ರೈವ್‌ಗೆ ಹಾಕಿದರೂ ಒಂದು ಪಾಲನ್ನು ಸಿ ಡ್ರೈವ್‌ನಲ್ಲೇ ಇಡುತ್ತವೆ. ತಾತ್ಕಾಲಿಕ ಫೈಲುಗಳನ್ನಂತೂ ಅಲ್ಲೇ ಬಿಚ್ಚುತ್ತವೆ. ಇಕ್ಕಟ್ಟು ಇರುವುದು ಸಿ ಡ್ರೈವ್‌ನಲ್ಲಿ, ಕಾರ್ಡು ಅದನ್ನು ಹಿಗ್ಗಿಸುವುದಿಲ್ಲ.

ಲಿನಕ್ಸ್‌ನಲ್ಲಿ ಈ ಇಕ್ಕಟ್ಟಿನ ವಿಚಿತ್ರ ರೂಪ ಒಂದುಂಟು. ಫೆಡೋರಾದಲ್ಲಿ, ಈಚೆಗೆ ಡೆಬಿಯನ್ 13ರಲ್ಲೂ, ತಾತ್ಕಾಲಿಕ ಫೈಲುಗಳ ಫೋಲ್ಡರು ಡಿಸ್ಕ್‌ನಲ್ಲಿರದೆ ರ್‍ಯಾಮ್‌ನಲ್ಲಿರುತ್ತದೆ, ಅದೂ ರ್‍ಯಾಮ್‌ನ ಅರ್ಧಕ್ಕೆ ಮೀರದಂತೆ. 4 ಜಿಬಿ ರ್‍ಯಾಮ್‌ನ ಯಂತ್ರದಲ್ಲಿ ದೊಡ್ಡ ಪೈಥಾನ್ ಲೈಬ್ರರಿ ಹಾಕಲು ಹೊರಟರೆ ‘ಜಾಗವಿಲ್ಲ’ ಎಂಬ ದೂರು ಬರುತ್ತದೆ. ಡಿಸ್ಕ್ ನೋಡಿದರೆ ಇಪ್ಪತ್ತು ಜಿಬಿ ಖಾಲಿ! ತಾತ್ಕಾಲಿಕ ಫೋಲ್ಡರನ್ನು ಡಿಸ್ಕ್‌ನ ಕಡೆ ತಿರುಗಿಸಿದರೆ ಅದೇ ಇನ್‌ಸ್ಟಾಲ್ ಸರಾಗವಾಗಿ ಮುಗಿಯುತ್ತದೆ. ಖಾಲಿ ಜಾಗ ಎಷ್ಟಿದೆ ಎಂಬುದರಷ್ಟೇ, ಕೆಲಸ ನಡೆಯುವ ಕಡೆ ಎಷ್ಟಿದೆ ಎಂಬುದೂ ಮುಖ್ಯ.

ಹಾಗಾದರೆ ಹಾಕುವ ಮುನ್ನ ಏನು ನೋಡಬೇಕು? ಉತ್ತರ ಬಹುಮಟ್ಟಿಗೆ ಇನ್‌ಸ್ಟಾಲರ್‌ನ ಆಯ್ಕೆಗಳಲ್ಲೇ ಇದೆ, ನಾವು ‘ನೆಕ್ಸ್ಟ್’ ಒತ್ತುತ್ತಾ ದಾಟಿಬಿಡುವ ಆಯ್ಕೆಗಳು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಳಸುವ ವಿಷುಯಲ್ ಸ್ಟುಡಿಯೊ 2022 ಕನಿಷ್ಠ 850 ಎಂಬಿಯಿಂದ 210 ಜಿಬಿ ವರೆಗೆ ಹಿಡಿಯಬಹುದು ಎಂದು ಮೈಕ್ರೋಸಾಫ್ಟ್ ಬರೆದಿದೆ. ಸಾಮಾನ್ಯವಾಗಿ 20ರಿಂದ 50 ಜಿಬಿ. ಒಂದೇ ತಂತ್ರಾಂಶ, ಆರಿಸಿದ ಭಾಗಗಳಿಂದ ಇನ್ನೂರು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ಗಣಿತ ಬರೆಯುವವರ ಟೆಕ್ ಲೈವ್ ಪೂರ್ತಿ ಹಾಕಿದರೆ ಹಲವು ಜಿಬಿ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಬರೀ ಕೈಪಿಡಿಗಳದ್ದು, ಅವು ಅಂತರ್ಜಾಲದಲ್ಲೂ ಇವೆ. ಶುರುವಿನಲ್ಲೇ ಅವನ್ನು ಬಿಡುವ ಆಯ್ಕೆಯಿದೆ. ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಬೇಕಾದ ಪೈಟಾರ್ಚ್‌ನದು ಇನ್ನೂ ತೀಕ್ಷ್ಣ ಉದಾಹರಣೆ. ಲಿನಕ್ಸ್‌ನಲ್ಲಿ ಸುಮ್ಮನೆ ಹಾಕಿದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಲೈಬ್ರರಿಗಳೂ ಹಲವು ಜಿಬಿಯಷ್ಟು ಜೊತೆಗೆ ಬರುತ್ತವೆ, ಆ ಕಾರ್ಡೇ ಇಲ್ಲದ ಲ್ಯಾಪ್‌ಟಾಪ್‌ಗೂ. ಸಿಪಿಯುಗೆ ಮಾತ್ರ ಎಂದು ಕೇಳಿಕೊಂಡರೆ ಮೂಟೆ ಸುಮಾರು 200 ಎಂಬಿಗೆ ಇಳಿಯುತ್ತದೆ. ಆಮೇಲೆ ಯಾವ ಕ್ಲೀನರ್ ಹಾಕಿದರೂ ಈ ಉಳಿತಾಯ ಸಿಗದು.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು: 32 ಜಿಬಿಯ ಲ್ಯಾಪ್‌ಟಾಪ್ ಕೊಳ್ಳುವುದೇ ತಪ್ಪು, 256ರದ್ದು ಕೊಳ್ಳಿ. ಇಂದು ಹೊಸದಾಗಿ ಕೊಳ್ಳುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕೈಯಲ್ಲಿ ಆಗಲೇ ಇರುವ ಯಂತ್ರಗಳಿವೆ. ತಾವಾಗಿ ಆರಿಸದೆ, ಅಣ್ಣನಿಂದಲೋ ಯೋಜನೆಯೊಂದರಿಂದಲೋ ಬಂದದ್ದನ್ನು ಬಳಸುವವರಿದ್ದಾರೆ. ಅಂಥ ಯಂತ್ರಗಳಿಗೆ ಲಿನಕ್ಸ್ ಮಿಂಟ್‌ನಂಥ ದಾರಿ ತೆರೆದಿದೆ. ಅದು ಕೇಳುವ ಕನಿಷ್ಠ 2 ಜಿಬಿ ರ್‍ಯಾಮ್, 20 ಜಿಬಿ ಡಿಸ್ಕ್. ಮತ್ತು ದೊಡ್ಡ ಡಿಸ್ಕ್ ಇದ್ದ ಮಾತ್ರಕ್ಕೆ ಲೆಕ್ಕ ತಪ್ಪುವುದಿಲ್ಲ ಎಂದೇನಿಲ್ಲ. ಬಿಗ್ ಸರ್ ಸುಳಿಗೆ ಸಿಕ್ಕವರ ಯಂತ್ರಗಳು 32 ಜಿಬಿಯವಲ್ಲ.

ಕನಿಷ್ಠದ ಏರಿಕೆ
2001ರ ವಿಂಡೋಸ್ ಎಕ್ಸ್‌ಪಿ ಕೇಳಿದ್ದು 1.5 ಜಿಬಿ. 2009ರ ವಿಂಡೋಸ್ 7ಕ್ಕೆ 16 ಅಥವಾ 20 ಜಿಬಿ. ವಿಂಡೋಸ್ 10ರ 2019ರ ಆವೃತ್ತಿಗೆ 32. 2021ರ ವಿಂಡೋಸ್ 11ಕ್ಕೆ 64.

ಜಾಗದ ಅಂಕಿ ಹೇಳುವ ಹೊಣೆ ತಯಾರಕರದ್ದು ಎಂದೆ. ಅದು ಅಸಾಧ್ಯದ ಬೇಡಿಕೆಯಲ್ಲ. ಡೆಬಿಯನ್, ಉಬುಂಟುಗಳಲ್ಲಿ ಏನನ್ನೇ ಹಾಕಲು ಹೋದರೂ ಇಳಿಸಬೇಕಾದ್ದು ಎಷ್ಟು, ಕೂತ ಮೇಲೆ ಹಿಡಿಯುವುದು ಎಷ್ಟು ಎಂದು ಎರಡು ಅಂಕಿ ತೋರಿಸುವ ಪದ್ಧತಿ ಹಳೆಯದು. ಎರಡನ್ನೂ ಕೂಡಿದರೆ ನಡುಗಾಲದ ಅಂದಾಜು ಸಿಕ್ಕಿತು. ಹೊಸ ಆವೃತ್ತಿಗೆ ಏರುವ ಮುನ್ನ ಜಾಗ ಸಾಕೇ ಎಂದು ನೋಡಿಕೊಳ್ಳುವ ವಿಧಾನಕ್ಕೆ ಡೆಬಿಯನ್‌ನ ಬಿಡುಗಡೆ ಟಿಪ್ಪಣಿಯಲ್ಲಿ ಒಂದು ಭಾಗವೇ ಮೀಸಲು. ಸ್ವಯಂಸೇವಕರು ನಡೆಸುವ ಯೋಜನೆಗೆ ಸಾಧ್ಯವಾದದ್ದು ಕೋಟಿಗಟ್ಟಲೆ ಮಾರುವ ಕಂಪನಿಗಳಿಗೆ ಏಕಾಗದು? ಯಂತ್ರ ಮಾರುವವರಿಗೂ ಇದೇ ಮಾತು. 2013ರ ಆರಂಭದಲ್ಲಿ 64 ಜಿಬಿಯ ಸರ್ಫೇಸ್ ಪ್ರೊ ಬರುವ ಮುನ್ನ, ಅದರಲ್ಲಿ ಬಳಕೆದಾರರಿಗೆ ಸಿಗುವುದು 23 ಜಿಬಿ ಎಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಾಗ ದೊಡ್ಡ ಗದ್ದಲವಾಯಿತು. ಮುಂದೆ ಕಂಪನಿ ಸರ್ಫೇಸ್ ಯಂತ್ರಗಳಲ್ಲಿ ಮೊದಲ ದಿನ ಖಾಲಿ ಉಳಿಯುವ ಜಾಗವನ್ನು ತನ್ನ ಬೆಂಬಲ ಪುಟದಲ್ಲಿ ಪ್ರಕಟಿಸಿತು. ಆ ಅಂಕಿ ಬೆಂಬಲ ಪುಟದಿಂದ ಪೆಟ್ಟಿಗೆಯ ಮೇಲಕ್ಕೆ, ಬೆಲೆಯ ಪಕ್ಕಕ್ಕೆ ಬರಬೇಕು. ಅದರ ಜೊತೆಗೆ, ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್‌ಗೆ ಎಷ್ಟು ಖಾಲಿ ಬಿಡಬೇಕು ಎಂಬ ಇನ್ನೊಂದು ಅಂಕಿಯೂ.